ಬ್ರೂನೊ ಮಾತು, ನಿಶಿದಾ ಸಾನ್ ಮಾತು

...ತಪ್ಪು ತಿಳ್ಕೋಬೇಡ ಕಣೋ ನಂದೀಶ, ಮತ್ತೆ ಮೊದ್ಲಿಂದ ಶುರು ಮಾಡ್ತಿದೀನಿ. ಇದಕ್ಕೆ ಮುಂಚೆ ಮಾತಾಡಿದ್ದನ್ನೆಲ್ಲ ಬೆರಳು ಎಡಕ್ಕೆ ಎಳೆದು ಅಳಿಸ್ಬಿಟ್ಟೆ. ಅದಕ್ಕೂ ಮುಂಚಿಂದೂ ಅಷ್ಟೇ. ಈ ವಾಟ್ಸಾಪಲ್ಲಿ ಮಾತು ಮುಗಿಯೋವರ್ಗೂ ಹೆಬ್ಬೆರಳು ಒತ್ತಿ ಹಿಡ್ಕೊಂಡೇ ಇರ್ಬೇಕಂತೆ. ಬಿಟ್ಟರೆ ಸೀದಾ ನಿನ್ನ ಹತ್ರ ಬಂದ್ಬಿಡುತ್ತೆ, ಎಡಕ್ಕೆ ಎಳೆದ್ರೆ ಮಣ್ಣಾಗುತ್ತೆ. ಇವತ್ತು ಎಡಕ್ಕೆ ಎಳೆದೂ ಎಳೆದೂ ಸಾಕಾಗೈತೆ.

ಪೀಣ್ಯ ಎರಡನೇ ಹಂತ, ಶನಿವಾರ, ಜೂನ್ ಹತ್ತು, ಎರಡು ಸಾವಿರದ ಹದಿನೇಳು. ನಗಬೇಡ. ಅಪ್ಪ ಇನ್‌ಲ್ಯಾಂಡ್ ಲೆಟರ್ ಬರೆಯೋವಾಗ ಊರು, ತಾರೀಕು ಹಾಕ್ದೇ ಮುಂದಕ್ಕೆ ಹೋಗ್ತಿರ್ಲಿಲ್ಲ. ಪ್ರೀತಿಯ ತಮ್ಮ ನಂದೀಶನಿಗೆ ನಿನ್ನ ಅಣ್ಣ ಮಾಡೋ ಆಶೀರ್ವಾದ. ಬೆನ್ನುನೋವು ಹೆಂಗೈತೆ? ಮಧುಗಿರಿ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂತ್ಕೋಬೇಡ ಅಂದ್ರೂ ಕೇಳಲ್ಲ ನೀನು. ಯಮುನಾ ಚೆನ್ನಾಗಿದಾಳಾ? ಅವಳ ಅಂಗನವಾಡಿ ಮಕ್ಕಳು ಟೀಚರ್ ಬಿಟ್ಟು ಹೋಗ್ತಾರೆ ಅಂತ ಗೊತ್ತಾಗಿ ಅಳ್ತಾವಂತೆ, ನಿಮ್ಮ ಅತ್ತಿಗೆ ಹೇಳಿದ್ಲು. ಸೋಮವಾರ ನೀವಿಬ್ಬರೂ ಹೋಗಿ ಅವಳ ರಾಜೀನಾಮೆ ಕೊಟ್ಟು, ಮಕ್ಕಳ ಟೀಸಿ ಇಸ್ಕೊಂಡು, ಗುರುವಾರ ಇಲ್ಲಿಗೆ ಬರ್ತೀರಂತೆ. ನಮ್ಮ ಮಾಕಳಿ ಮನೇಲಿ ನಿಮಗೆ ಅಂತ ಮೇಲ್ಗಡೆ ಸುಣ್ಣ ಹೊಡೆದು ಆಯ್ತು. ನಿಮ್ಮ ಅತ್ತಿಗೆ ಎರಡು ದಿನದಿಂದ ಒಂದೇ ರಾಗ: "ಯಮುನಾ ಡಬ್ಬಿಗಳ್ನ ಎಲ್ಲಿ ಮಡಗ್ತಾಳೆ? ಅಂಗೇ ಕಂಬ ನಿಂತಂಗೆ ನಿಂತ್ಕಬ್ಯಾಡ, ಮೊಳೆ ಹೊಡಿ." ಮೊಳೆ ಹೊಡೆಯೋಕೆ ಕೈಯೇ ಏಳ್ಲಿಲ್ಲ ಕಣೋ. ಯಾಕೆ ಅಂತ ಹೇಳ್ತೀನಿ, ಅದಕ್ಕೇ ಫೋನ್ ತೆಗೆದಿದ್ದು. ಬುಧವಾರ ನಾನೊಂದು ಮೀಟಿಂಗಲ್ಲಿ ಕೂತಿದ್ದೆ. ಅದನ್ನ ನಿಂಗೆ ಹೇಳ್ಬೇಕು, ಹೇಳೋಂಗಿಲ್ಲ. ಬಾಯಿ ತೆಗೆದ್ರೆ ಇಟಾಲಿಯನ್ನು, ಜಪಾನೀ ಅಂತ ಬೇರೆ ಏನೋ ಶುರುವಾಗ್ಬಿಡುತ್ತೆ. "ಅಣ್ಣ, ನಿಂಗೆ ಕೇಳಿದ್ದನ್ನ ಹೇಳೋ ಭಾಷೆ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬರುತ್ತೆ" ಅಂತ ಆಡ್ಕೊಂತಿದ್ಯಲ್ಲ, ನಿಜ ಅದು.

ಆ ಇಟಲಿಯೋನು ಬ್ರೂನೊ ನೆನಪಿದಾನಾ? ನೀನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇನ್ನೂ ಬರ್ತಿದ್ದ. ನಿನ್ನ ಲೈನಿನ ಗ್ರೈಂಡಿಂಗ್ ಮಷೀನು ಕೂರಿಸಿದ್ದೇ ಅವನು. ಅವನ ಹತ್ರ ನಾನು ಇಟಾಲಿಯನ್ ಕಲ್ತಿದ್ದು ಬೈಸ್ಕೊಂಡು. ಸ್ಪ್ಯಾನರ್ ತಪ್ಪಾಗಿ ಹಿಡಿದ್ರೆ ಕೂಗಾಡೋನು, ಮಧ್ಯಾಹ್ನ ನನ್ನ ಡಬ್ಬಿಯಿಂದಾನೇ ಮುದ್ದೆ ಮುರ್ಕೊಂಡು ತಿನ್ನೋನು. ಆ ಭಾಷೇಲಿ ಬೇಡ ಅನ್ನೋದು ಬಾಗಿಲಲ್ಲೇ ನಿಂತಿರುತ್ತೆ. "ನೋನ್ ವಾ" ಅಂತಾನೆ, ಮೊದಲು 'ಇಲ್ಲ', ಆಮೇಲೆ 'ನಡೆಯಲ್ಲ'. ಇನ್ನು ನಿಧಾನ ಅನ್ನೋಕೆ "ಪ್ಯಾನೊ ಪ್ಯಾನೊ", ನಾವು ಮೆಲ್ಲ ಮೆಲ್ಲಗೆ ಅಂತೀವಲ್ಲ, ಹಂಗೆ ಎರಡು ಸಲ. ಅರ್ಧ ಮಾತು ಬಾಯಲ್ಲಿ, ಅರ್ಧ ಕೈಯಲ್ಲಿ. ಅವನ ಎರಡೂ ಕೈ ಹಿಡಿದು ನಿಲ್ಲಿಸಿದ್ರೆ ಮೂಗನಾಗ್ಬಿಡ್ತಿದ್ದ.

ಕಂಪನಿ ಜಪಾನಿನೋರ ಕೈಗೆ ಹೋದ್ಮೇಲೆ ಜಾಲಹಳ್ಳಿಯಿಂದ ಸುಬ್ಬಲಕ್ಷ್ಮಮ್ಮ ಮೇಡಂ ಬಂದು ಕ್ಯಾಂಟೀನಲ್ಲಿ ಜಪಾನೀ ಪಾಠ ಮಾಡ್ತಾರಲ್ಲ, ಅಲ್ಲಿ ಕೂತಾಗ ನಂಗೆ ಆಶ್ಚರ್ಯ. 'ನಾಳೆ ಊರಿಗೆ ಹೋಗ್ತೀನಿ' ಅನ್ನೋಕೆ ಬ್ರೂನೊ "ದೊಮಾನಿ ವಾದೊ ಅಲ್ ಪಾಯೇಸೆ" ಅನ್ನೋನು. ನಾಳೆ ಆದ್ಮೇಲೆ ಹೋಗ್ತೀನಿ, ಕೊನೇಲಿ ಊರು. ಜಪಾನೀಲಿ "ಅಶಿತಾ ಮುರಾ ಎ ಇಕಿಮಾಸು". ನಾಳೆ, ಊರು, 'ಗೆ', ಹೋಗ್ತೀನಿ. ನಮ್ಮದೇ ದಾರಿ! ಪ್ರಶ್ನೆ ಕೇಳ್ಬೇಕಾದ್ರೆ ಬಾಲಕ್ಕೆ ಒಂದು 'ಕಾ' ಅಂಟಿಸಿದ್ರೆ ಆಯ್ತು, ನಾವು ಹೋಗ್ತೀರಾ ಅಂತ ಎಳೆಯೋ ಹಂಗೆ. ಬಸ್ಸಿಗೆ ಅವರೂ "ಬಾಸು" ಅಂತಾರೆ ಕಣೋ, ಕೊನೇಲಿ ಉಕಾರ ಇಲ್ದಿದ್ರೆ ನಮ್ಮವ್ವಂಗೆ ಹೆಂಗೆ ನಾಲಗೆ ತಿರುಗ್ತಿರ್ಲಿಲ್ವೋ ಅವರಿಗೂ ಹಂಗೇ. ನಮ್ಮ ಮನೆ ಭಾಷೆ ಸಿಕ್ತು ಅಂತ ಖುಷಿಯಾಗಿ ಒಳಗೆ ಹೋದೆ. ಹೋದ್ಮೇಲೆ ಗೊತ್ತಾಯ್ತು, ಈ ಮನೇಲಿ ಬೇಡ ಅನ್ನೋ ಮಾತು ಹಿತ್ತಲಲ್ಲಿರುತ್ತೆ. ಅಲ್ಲಿವರ್ಗೂ ನಡೆದ್ರೂ ಎಷ್ಟೋ ಸಲ ಹೊರಗೇ ಬರಲ್ಲ. ನಮ್ಮ ಮ್ಯಾನೇಜರು ನಿಶಿದಾ ಸಾನ್, ಅಂದ್ರೆ ನಿಶಿದಾ ಅವರು, "ಚೊತ್ತೊ..." ಅಂತ ಹಲ್ಲಿನ ಸಂದೀಲಿ ಉಸಿರು ಎಳ್ಕೊಂಡು ನಿಲ್ಲಿಸಿಬಿಡ್ತಾನೆ. ಸ್ವಲ್ಪ... ಅಷ್ಟೇ. ಮಿಕ್ಕಿದ್ದು ನಾವೇ ತುಂಬ್ಕೋಬೇಕು. ಒಳ್ಳೆಯೋನು ಅವನು, ನಾನು ಬೈಯ್ತಿಲ್ಲ.

ಬುಧವಾರ ದುಭಾಷಿ ಹುಡುಗಿ ರಜ. ಹಳೇ ಮಷೀನಿನ ವಿಷಯ ಅಂತ ನನ್ನ ಒಳಗೆ ಕರೆದ್ರು. ಎಸಿ ರೂಮು, ಬಾಗಿಲು ಮುಚ್ಚಿದ್ರು. ಕೇಳಿಸ್ಕೊಂಡೆ, ಅರ್ಥ ಆಯ್ತು. ಮುಗಿದ ಮೇಲೆ ನಿಶಿದಾ ಸಾನ್ ಎದ್ದು, ಇದು ಈ ರೂಮಲ್ಲೇ ಇರ್ಲಿ ಅಂತ ಹೇಳಿ, ನನ್ನ ಮುಂದೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡ್ಬಿಟ್ಟ. ಹೆದರಿಸಿದ್ರೆ ಚೆನ್ನಾಗಿತ್ತು. ಹೆದರಿಸಿದೋರ ಮಾತು ಮುರಿಯೋದು ಸುಲಭ. ಇಷ್ಟು ವರ್ಷದಲ್ಲಿ ಯಾವ ಮ್ಯಾನೇಜರು ನಂಗೆ ತಲೆ ಬಗ್ಗಿಸಿದಾನೆ ಹೇಳು? ನಾನೂ ಬಗ್ಗಿದೆ. ಬಗ್ಗಿದೋನು ಇನ್ನೂ ಎದ್ದಿಲ್ಲ ಅನ್ಸುತ್ತೆ. ಹೊರಗೆ ಬಂದ್ರೆ ನಿನ್ನ ಲೈನಿನ ಭೀಮಪ್ಪ ಹಿಡ್ಕೊಂಡ. "ಏನಂದನೋ ಯಣ್ಣಾ ಜಪಾನ್ಯಾಂವ? ಮಾರಿ ಯಾಕ ಹಂಗ ಸಪ್ಪಗ ಮಾಡೀದಿ?" ಅಂದ. ನಾನು ಏನ್ಮಾಡ್ದೆ ಗೊತ್ತಾ? ಹಲ್ಲಿನ ಸಂದೀಲಿ ಉಸಿರು ಎಳ್ಕೊಂಡೆ.

ದಿನಾ ಬೆಳಿಗ್ಗೆ ಸಾಲಾಗಿ ನಿಂತು, ನಿನ್ನೆ ನಮ್ಮ ಲೈನಲ್ಲಿ ಏನು ಕೆಟ್ಟಿತು ಅಂತ ಒಬ್ಬೊಬ್ಬರೂ ಜೋರಾಗಿ ಹೇಳ್ಬೇಕಲ್ಲ, ನಿನ್ನ ಲೈನಿನ ಪರವಾಗಿ ಹೇಳೋನು ನಾನೇ. ಗುರುವಾರ ಮಷೀನು ತಣ್ಣಗಿಡೋ ಕೂಲೆಂಟ್ ಸೋರ್ತು ಅಂದೆ. ನಿನ್ನೆನೂ ಅದೇ, ಇವತ್ತೂ ಅದೇ. ಭೀಮಪ್ಪ ಹಿಂದಿಂದ "ಯಣ್ಣಾ, ಆ ಪೈಪು ನಿನ್ನೇನ ಬದಲ್ ಮಾಡೀವಲ್ಲೋ" ಅಂತ ನಕ್ಕ. ಎಲ್ಲರೂ ನಕ್ಕರು. ಅವರ ನಗೂನ ಕಿವಿ ತುಂಬ ಕೇಳಿಸ್ಕೊಂಡು ನಿಂತಿದ್ದೆ. ಕೆಳಗಡೆ ಹೋದ್ರೆ ಭೀಮಪ್ಪನ ಕಣ್ಣು, ಆಫೀಸಿಗೆ ಹೋದ್ರೆ ಆ ನಮಸ್ಕಾರ, ಮನೆಗೆ ಹೋದ್ರೆ ನಿಮ್ಮ ಅತ್ತಿಗೆ ಸುತ್ತಿಗೆ ಹಿಡ್ಕೊಂಡು ನಿಂತಿರ್ತಾಳೆ. ಇವಾಗ ಕ್ಯಾಂಟೀನ್ ಮೇಲೆ ನೀರಿನ ಟ್ಯಾಂಕು, ಗೋಡೆ, ಎರಡರ ಸಂದೀಲಿ ಕೂತಿದೀನಿ. ಫೋನ್ ಲಾಕರಲ್ಲಿ ಇಡೋ ರೂಲು, ಕದ್ದು ತಂದಿದೀನಿ. ಟ್ಯಾಂಕಿನ ಬಿಸಿಗೆ ಬೆನ್ನು ಸುಡ್ತೈತೆ, ಹೆಬ್ಬೆರಳು ಜೋಮು ಹಿಡಿದೈತೆ. ಬುಧವಾರ ಸಂಜೆ ನೀನು ಹೊರಟಾಗ ನಿನ್ನ ಬ್ಯಾಗು ಹೊತ್ಕೊಂಡು ಬಸ್‌ಸ್ಟಾಪಿಗೆ ಬಂದೋನು ಉಸಿರು ಬಿಡ್ಲಿಲ್ಲ ನಾನು.

ಹಂಗಾದ್ರೆ ಇರ್ಲಿ. ಯಮುನಾಗೆ, ಮಕ್ಕಳಿಗೆ ನಮ್ಮ ಆಶೀರ್ವಾದ ಹೇಳು. ನಿಮ್ಮತ್ತೆಗೆ ಮಂಡಿನೋವಿಗೆ ಎಣ್ಣೆ ಕಳಿಸ್ತೀನಿ ಅಂದಿದ್ದೆ, ಮರ್ತಿಲ್ಲ ಅನ್ನು. ಇಂತಿ ನಿನ್ನ ಅಣ್ಣ, ಬೈರಪ್ಪ.

ತಡಿ, ಹೆಬ್ಬೆರಳು ಇನ್ನೂ ಬಿಟ್ಟಿಲ್ಲ, ಇನ್ನೊಂದು. ಕೆಳಗೆ ಯಾರೋ ಕೂಗ್ತಿದಾರೆ. ಅದೇ, ನಿಶಿದಾನೇ, "ಬೈರಪ್ಪಾ ಸಾನ್" ಅಂತ. ಕೇಳು, ಬ್ರೂನೊ ತರಾನೇ ಹೇಳ್ತೀನಿ, ಮೊದಲು ಬೇಡ, ಆಮೇಲೆ ಮಿಕ್ಕಿದ್ದು. ಬೇಡ. ಯಮುನಾ ರಾಜೀನಾಮೆ ಕೊಡೋದು ಬೇಡ. ಆ ಕೆಲಸ ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ. ಟೀಸಿನೂ ಬೇಡ. ದೀಪಾವಳಿ ಆದ್ಮೇಲೆ ನಿನ್ನ ಲೈನು ಮುಚ್ತಾರೆ, ಕಾಂಟ್ರಾಕ್ಟಿನೋರು ಯಾರೂ ಉಳಿಯಲ್ಲ, ನೀನೂ ಸೇರಿ. ನಂಗೆ ಹೇಳ್ಬೇಡ ಅಂದಿದ್ರು, ಹೇಳಿದೀನಿ. ಆ ರೂಮಲ್ಲಿದ್ದ ಕನ್ನಡದೋನು ನಾನೊಬ್ಬನೇ, ಯಾರು ಹೇಳಿದ್ದು ಅಂತ ಅವರು ಹುಡುಕೋದೇ ಬೇಡ. ಭೀಮಪ್ಪಂಗೂ ಸೋಮವಾರ ಬೆಳಿಗ್ಗೆ ಸಾಲಲ್ಲಿ ನಿಂತೇ ಹೇಳ್ತೀನಿ, ಏನು ಕೆಟ್ಟಿತು ಅಂತ ಕೇಳ್ತಾರಲ್ಲ. ಬಂದೇ, ಸಾನ್, ಬಂದೇ! ಇಡ್ತೀನಿ ಕಣೋ. ಎಡಕ್ಕೆ ಎಳೀತಿಲ್ಲ, ನೋಡು, ಹೆಬ್ಬೆರಳು ಎತ್ತ್