ಮೀನಿನ ಹೊಂಡದ ನೊರೆ

ನಿಗಡಿ
೧೬ ಜುಲೈ ೧೯೮೩

ಮನೆಯ ಮಾಲೀಕರಾದ ಶಿವರುದ್ರಪ್ಪನವರಿಗೆ, ಹಿಂದಿನ ಖೋಲಿಯ ಬಾಡಿಗೆದಾರಳು ಸಾವಂತ್ರವ್ವನ ನಮಸ್ಕಾರಗಳು.

ನೀವು ಹೋಗಿರುವ ಲೋಣಾವಳಾದಲ್ಲಿ ನಿಮ್ಮ ಬಾಣಂತಿ ಮಗಳೂ ಕೂಸೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ಹಿತ್ತಲಿನ ಹೊಂಡದಲ್ಲಿ ನೊರೆ ಕಂಡ ದಿನ ನೀವು ಓಣಿಗೆಲ್ಲ ಕೇಳುವಂತೆ, "ನಿನ್ನ ಸಾಬೂನಿನ ನೊರಿಗೆ ನನ್ನ ಮೀನ ಸಾಯ್ತಾವ" ಎಂದಿರಿ. ನನ್ನ ಒಗೆಯುವ ಕಲ್ಲನ್ನು ಗೇಟಿನ ಹೊರಗೆ ಹಾಕಿಸಿದಿರಿ. ನಾನು ಅಂದಿನಿಂದ ಬೀದಿಯ ನಳದಲ್ಲೇ ಬಟ್ಟೆ ಒಗೆಯುತ್ತಿದ್ದೇನೆ. ಆದರೂ ಸೋಮವಾರ ಬೆಳಿಗ್ಗೆ ಹೊಂಡದ ಮೇಲೆ ಮೊದಲಿಗಿಂತ ದಪ್ಪ ನೊರೆ ಬಂದಿತ್ತು.

ಬೊಗಸೆಯಲ್ಲಿ ಎತ್ತಿ ಮೂಸಿದೆ. ಸಾಬೂನಲ್ಲ, ಮೀನಿನ ವಾಸನೆ; ಕೈಗೆ ಲೋಳೆ ಅಂಟಿತು. ಗಂಡು ಮೀನುಗಳು ಹೆಣ್ಣುಗಳನ್ನು ಅಟ್ಟಾಡಿಸುತ್ತ ನೀರನ್ನು ಮಜ್ಜಿಗೆಯಂತೆ ಕಡೆಯುತ್ತಿದ್ದವು. ಅಂತರಗಂಗೆಯ ಬೇರುಗಳಿಗೆ ನವಣೆ ಕಾಳಿನಂಥ ತತ್ತಿಗಳು ಅಂಟಿದ್ದವು. ಪಕ್ಕದ ಮನೆಯ ಹುಲಿಗೆವ್ವನನ್ನು ಕರೆದು ತೋರಿಸಿದೆ. "ಇಲ್ಲೂ ಬಾಣಂತನ ನಡದದ ತಗೋಳವ್ವಾ!" ಎಂದು ನಕ್ಕಳು.

ಇಂದು ರೆಪ್ಪೆಗೂದಲಿನಂಥ ಮರಿಗಳು ನೂರಾರು ಈಜಾಡುತ್ತಿವೆ. ಮೀನುಗಳು ತತ್ತಿ ಇಡುವುದು ಮುಗಿದ ಮೇಲೆ ನೊರೆ ತಾನಾಗಿಯೇ ಇಳಿದಿದೆ.

ಮುಂದಿನ ರವಿವಾರ ಹೊಂಡ ಬರಿದುಮಾಡಲು ಆಳನ್ನು ತರುವುದಾಗಿ ಹೇಳಿದ್ದಿರಿ. ಅವನನ್ನು ತರಬೇಡಿ, ಸೊಳ್ಳೆಪರದೆಯ ಬಟ್ಟೆ ತನ್ನಿ; ದೊಡ್ಡ ಮೀನುಗಳು ಮರಿಗಳನ್ನು ತಿನ್ನದಂತೆ ನಡುವೆ ಕಟ್ಟಬೇಕು. ಬಂದ ಮೇಲೆ ಈ ಸುದ್ದಿಯನ್ನೂ ಓಣಿಗೆ ನೀವೇ ಹೇಳಿ. ದನಿ ಅಂದಿನಷ್ಟೇ ದೊಡ್ಡದಿರಲಿ.

ಕಲ್ಲಿನ ಚಿಂತೆ ನಿಮಗೆ ಬೇಡ. ನಾನೂ ಹುಲಿಗೆವ್ವನೂ ಅದನ್ನು ಉರುಳಿಸಿ ತಂದು ಮೊದಲಿನ ಜಾಗದಲ್ಲೇ ಇಟ್ಟಿದ್ದೇವೆ. ಈ ಪತ್ರವನ್ನು ಅದರ ಮೇಲೆ ಕುಳಿತೇ ಬರೆದಿದ್ದೇನೆ.

ಇಂತು,
ಸಾವಂತ್ರವ್ವ