ಯೋರ್ಮಾನ ಕನ್ನಡಕದೊಳಗಿನ ಹೆಂಗಸು

ಕೋತ್ಕಾ
ನವೆಂಬರ್ ೧೪, ಗುರುವಾರ

ನನ್ನ ಸಿರ್ಪಾ,

ಅಕ್ಕನ ಕೈಬರಹ ಕಂಡ ಮೇಲೂ ಲಕೋಟೆಯನ್ನು ಒಲೆಗೆ ಹಾಕದೆ ಒಡೆದಿದ್ದೀಯಲ್ಲ, ಅಷ್ಟೇ ಸಾಕು ನನಗೆ. ನಿನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ನಾನು ನಿನ್ನ ಊರು ವಾಸಾಕ್ಕೆ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ಮೊಣಕಾಲು ಚೆನ್ನಾಗಿಯೇ ಇತ್ತು. ನಿನ್ನ ಮುಖ ನೋಡುವುದು ನನಗೆ ಬೇಡವಾಗಿತ್ತು. ಯಾಕೆಂದು ಫೋನಿನಲ್ಲಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಸಂತದಲ್ಲಿ ಯೋರ್ಮಾನ ಭುಜದ ಆಪರೇಷನ್ ಆಯಿತಲ್ಲ, ಆಮೇಲೆ ವ್ಯಾಯಾಮಕ್ಕೆಂದು ಆಸ್ಪತ್ರೆಯವರು ಅವನಿಗೊಂದು ದಪ್ಪ ಕನ್ನಡಕ ಕೊಟ್ಟರು. ಕಣ್ಣಿಗೆ ಕಟ್ಟಿಕೊಂಡರೆ ಬೇರೆಯದೇ ಊರಿನಲ್ಲಿ ನಿಂತಂತೆ ಕಾಣುತ್ತದೆ. ಅಲ್ಲಿಗೆ ಬರುವವರೆಲ್ಲ ತಮಗೆ ಬೇಕಾದ ಮೈ, ಮುಖ, ದನಿ ಆರಿಸಿಕೊಂಡು ಓಡಾಡುತ್ತಾರೆ. ಅದನ್ನು ಅವತಾರ ಅನ್ನುತ್ತಾರಂತೆ. ಭುಜ ವಾಸಿಯಾಯಿತು, ಕನ್ನಡಕ ವಾಪಸು ಹೋಯಿತು. ಒಂದು ವಾರಕ್ಕೆಲ್ಲ ಯೋರ್ಮಾ ತನ್ನದೇ ಒಂದನ್ನು ಕೊಂಡು ತಂದ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ.

ನಿನ್ನ ಭಾವ ಎಂಥವನೆಂದು ನಿನಗೆ ಗೊತ್ತಲ್ಲ. ಬಂದರಿನ ಕ್ರೇನಿನ ಮೇಲೆ ಒಬ್ಬನೇ ಕೂತು ಆಯಸ್ಸು ಕಳೆದವನು. ನಮ್ಮ ಮನೆಯಲ್ಲಿ ಕಾಫಿ ಯಂತ್ರವೇ ಅವನಿಗಿಂತ ಹೆಚ್ಚು ಸದ್ದು ಮಾಡುತ್ತದೆ. ಅಂಥವನು ಗುನುಗತೊಡಗಿದ. ಬೆನ್ನು ನೆಟ್ಟಗೆ ಮಾಡಿ ನಡೆಯತೊಡಗಿದ. ಆಗಸ್ಟಿನಲ್ಲಿ ನಮ್ಮ ಕಟ್ಟಡದವರ ಸಭೆ ನಡೆಯಿತು. ನಾವೆಲ್ಲ ಸೇರಿ ಹಬೆಯಲ್ಲಿ ಕೂರುವ ಶನಿವಾರದ ಸೌನಾ ನಿಲ್ಲಿಸೋಣ, ಕರೆಂಟು ಉಳಿಯುತ್ತದೆ ಎಂದು ಅಧ್ಯಕ್ಷ ಕೌಕೊ ಹೇಳುತ್ತಿದ್ದ. ಯಾವ ಸಭೆಯಲ್ಲೂ ತುಟಿ ಬಿಚ್ಚದ ಯೋರ್ಮಾ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, "ನೋಡು ಕೌಕೊ, ಶನಿವಾರದ ಸೌನಾ ಮುಟ್ಟಿದ್ರೆ ನಾವೆಲ್ಲಾ ಟವೆಲ್ ಸುತ್ಕೊಂಡು ನಿನ್ನ ಮನೆ ಬಚ್ಚಲಿಗೇ ಬರ್ತೀವಿ. ಬೆನ್ನು ಉಜ್ಜೋಕೆ ನೀನೇ ರೆಡಿಯಾಗಿರು!" ಎಂದ. ಜನ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಮಾತು ಮುಗಿಸಿ ಕೂರುವಾಗ ಅವನು ತನ್ನ ಬೋಳು ತಲೆಯ ಪಕ್ಕದಲ್ಲಿ, ಇಲ್ಲದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡ. ಅದು ನಿನ್ನ ಅಭ್ಯಾಸ, ಸಿರ್ಪಾ.

ಆಮೇಲೆ ಒಂದು ದಿನ ಮಾರುಕಟ್ಟೆಯಿಂದ ಬೇಗ ಬಂದೆ. ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಅವನಿಗೆ ಕನ್ನಡಕದಲ್ಲಿ ಕಾಣುವುದೆಲ್ಲ ಟಿವಿಯಲ್ಲೂ ಕಾಣುತ್ತಿತ್ತು. ತಾಮ್ರದ ಬಣ್ಣದ ಕೂದಲು, ಉದ್ದನೆಯ ಕೊರಳು. ಒಬ್ಬ ಹೆಂಗಸು ಅವನ ಎದುರು ನಿಂತು ನಗುತ್ತಿದ್ದಳು, ಅವನೂ ನಗುತ್ತಿದ್ದ. ಹರೆಯದ ನೀನೇ. ತಂದಿದ್ದ ಮೀನನ್ನು ತೊಟ್ಟಿಯಲ್ಲಿ ಹಾಕಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತೆ.

ಅಲ್ಲಿಂದ ನಾನು ಮನೆಯೊಳಗಿನ ಪೊಲೀಸಾದೆ. ಅವನ ಕೋಟು ಮೂಸಿದೆ. ಫೋನು ತೆರೆದೆ. "ಹೇಗಿದ್ದೀಯ ಭಾವ, ಭುಜ ಹೇಗಿದೆ" ಎಂದು ನೀನು ಹಾಕಿದ್ದ ಮೆಸೇಜುಗಳನ್ನು ಹಿಂದೆ ಮುಂದೆ ಮಾಡಿ ಓದಿದೆ. ಭುಜ ಎನ್ನುವುದಕ್ಕೇ ಬೇರೆ ಅರ್ಥವಿರಬಹುದೆಂದು ಕೂಡ ಯೋಚಿಸಿದೆ. ನಗಬೇಡ.

ಕಳೆದ ಭಾನುವಾರ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ನಿನ್ನದೂ ಸಿರ್ಪಾದೂ ಎಷ್ಟು ದಿನದಿಂದ ನಡೀತಿದೆ?" ಎಂದೆ.

ಚಮಚ ಅವನ ಬಾಯಿಯ ಹತ್ತಿರವೇ ನಿಂತಿತು. "ಸಿರ್ಪಾನಾ? ತಲೆ ನೆಟ್ಟಗಿದೆಯಾ ನಿಂಗೆ?"

"ಕನ್ನಡಕದೊಳಗೆ ಒಬ್ಬಳು ಕಿಸಿಕಿಸಿ ನಗ್ತಾ ನಿಂತಿರ್ತಾಳಲ್ಲ, ಅವಳೇನು ಚರ್ಚಿನ ಪಾದ್ರಿಯಮ್ಮನಾ?"

ಅವನ ಮುಖ ಕಿವಿಯವರೆಗೂ ಕೆಂಪೇರಿತು. ಚಮಚ ಕೆಳಗಿಟ್ಟು, "ಅದು... ನಾನು" ಎಂದ.

ಕೋಣೆಗೆ ಕರೆದುಕೊಂಡು ಹೋಗಿ ಟಿವಿ ಹಾಕಿ ಕನ್ನಡಕ ಕಟ್ಟಿಕೊಂಡ. ಟಿವಿಯಲ್ಲಿ ಕಾಣುವ ಆ ಊರಿನಲ್ಲಿ ಗೋಡೆಗೊಂದು ಕನ್ನಡಿ. ಇವನು ಕೈ ಎತ್ತಿದರೆ ಕನ್ನಡಿಯಲ್ಲಿ ಅವಳು ಕೈ ಎತ್ತುತ್ತಾಳೆ. ನನಗೆ ಇನ್ನೂ ಸಿಟ್ಟು ಬಂತು. "ಬೇರೆ ಯಾರೂ ಸಿಗಲಿಲ್ವಾ ನಿಂಗೆ? ನನ್ನ ತಂಗಿ ವೇಷವೇ ಬೇಕಿತ್ತಾ?"

"ಸಿರ್ಪಾ ಅಲ್ಲ ಕಣೇ. ಸರಿಯಾಗಿ ನೋಡು. ಹಲ್ಲು ನೋಡು" ಎಂದು ಅವಳನ್ನು ನಗಿಸಿದ.

ಮುಂದಿನ ಹಲ್ಲು ಚೂರು ಮುರಿದಿತ್ತು. ಹುಡುಗಿಯಾಗಿದ್ದಾಗ ಮಂಜಿನ ಮೇಲೆ ಜಾರಿ ಬಿದ್ದು ನಾನು ಮುರಿದುಕೊಂಡ ಹಲ್ಲು. ಆಮೇಲೆ ಸರಿ ಮಾಡಿಸಿಕೊಂಡೆ, ಕೂದಲು ಕತ್ತರಿಸಿದೆ, ಮರೆತೆ. ಯೋರ್ಮಾ ಮರೆತಿರಲಿಲ್ಲ. ಹಳೆಯ ಫೋಟೊ ಕೊಟ್ಟು ಆ ಮುಖ ಮಾಡಿಸಿಕೊಂಡಿದ್ದನಂತೆ. ಕಿವಿಯ ಹಿಂದೆ ಕೂದಲು ಸರಿಸುವುದನ್ನು ನಿನಗಿಂತ ಮೊದಲು ನಾನು ಮಾಡುತ್ತಿದ್ದೆನಂತೆ.

ಸಿರ್ಪಾ, ನನ್ನ ಮುಖ ನನಗೇ ಗುರುತು ಸಿಗಲಿಲ್ಲ. ಚೆಂದವಾಗಿದೆ ಎನ್ನುವ ಒಂದೇ ಕಾರಣಕ್ಕೆ ಅದು ನಿನ್ನದೇ ಎಂದುಕೊಂಡೆ. ಸಿರ್ಪಾ ರೂಪವಂತೆ, ರಾಯ್ಲಿ ಗಟ್ಟಿಗಿತ್ತಿ ಎಂದು ಅಮ್ಮ ಬಂದವರಿಗೆಲ್ಲ ನಮ್ಮನ್ನು ತೋರಿಸುತ್ತಿದ್ದಳಲ್ಲ, ಅದನ್ನೇ ನಂಬಿಕೊಂಡು ಇಷ್ಟು ವರ್ಷ ಕನ್ನಡಿ ನೋಡಿದ್ದೇನೆ.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. "ನನ್ನ ಮುಖ ಹಾಕ್ಕೊಂಡು ಹೋದ್ರೆ ಅಲ್ಲೂ ಮೂಲೇಲಿ ಕೂರ್ತೀನಿ. ನಿನ್ನ ಮುಖ ಹಾಕ್ಕೊಂಡ್ರೆ ಮಾತು ತಾನಾಗೇ ಬರುತ್ತೆ. ನೀನು ಯಾರಿಗೂ ಹೆದರೋಳಲ್ಲ" ಎಂದ. ಸಭೆಯ ದಿನವೂ ಒಳಗೊಳಗೇ ಆ ಮುಖ ಹಾಕಿಕೊಂಡೇ ಎದ್ದಿದ್ದನಂತೆ.

ಬೇರೆ ಹೆಂಗಸಾಗಿದ್ದರೆ ಕರಗಿಹೋಗುತ್ತಿದ್ದಳೇನೋ. ನನಗೆ ಸಂಶಯ ಹೋಗಿಲ್ಲ, ಅದು ಜಾಗ ಬದಲಾಯಿಸಿದೆ ಅಷ್ಟೆ. ನನ್ನ ಮುಖ ಹಾಕಿಕೊಂಡು ಊರವರ ಜೊತೆಯೆಲ್ಲ ಮಾತಾಡಬಲ್ಲವನು ನನ್ನ ಜೊತೆ ಯಾಕೆ ಮಾತಾಡಲಾರ? ಅವನಿಗೆ ಬೇಕಾಗಿರುವುದು ನಾನೋ, ಆ ಹಲ್ಲು ಮುರಿದವಳೋ? ಕಾಫಿ ಕೊಡುವಾಗ ಅವನ ಕಣ್ಣು ನನ್ನ ಮುಖದಲ್ಲಿ ಅವಳನ್ನು ಹುಡುಕುತ್ತಿದೆಯೇ ಎಂದು ನೋಡುತ್ತಿರುತ್ತೇನೆ.

ನಿನ್ನ ಮೇಲೆ ಮಾತ್ರ ಇನ್ನು ಯಾವ ಅನುಮಾನವೂ ಇಲ್ಲ. ಬೈಯುವುದಿದ್ದರೆ ಪೂರ್ತಿ ಬೈದು ಬರೆ. ಆಮೇಲೆ ಕ್ರಿಸ್‌ಮಸ್‌ಗೆ ಬಾ. ಬೀಟ್‌ರೂಟ್ ಸಲಾಡ್ ನೀನೇ ಮಾಡಬೇಕು, ನನ್ನದು ಯಾವತ್ತೂ ಹುಳಿಯಾಗುತ್ತದೆ.

ನಿನ್ನನ್ನು ತಪ್ಪು ತಿಳಿದ ಅಕ್ಕ,
ರಾಯ್ಲಿ

ಮರೆತ ಮಾತು: ನಿನ್ನೆ ಯೋರ್ಮಾ ಭುಜ ಮತ್ತೆ ನೋಯುತ್ತಿದೆ ಎಂದು ಆಸ್ಪತ್ರೆಗೆ ಹೋದಾಗ ಆ ಕನ್ನಡಕವನ್ನು ನಾನು ಕಟ್ಟಿಕೊಂಡೆ. ಯಾರೋ ದೊಡ್ಡ ನರಿಯ ಮೈಯವಳು ಓಡಿ ಬಂದು, "ಏನೇ ರಾಯ್ಲಿ, ನಿನ್ನ ಗಂಡ ಇವತ್ತಾದ್ರೂ ಬಾಯಿ ಬಿಟ್ಟನಾ? ಪಾಪ, ಒಬ್ಬಳೇ ಎಷ್ಟು ಅಂತ ಮಾತಾಡ್ತೀಯ" ಎಂದಳು. ನನ್ನ ಹೆಸರಿಟ್ಟುಕೊಂಡು, ನಾನು ಯಾರ ಹತ್ತಿರವೂ ಹೇಳಿಕೊಳ್ಳದ ದೂರನ್ನು ಅವನೇ ಅಲ್ಲಿ ಹೇಳಿಕೊಂಡಿದ್ದಾನೆ, ಸಿರ್ಪಾ. ಅವನಿಗೆ ಎಲ್ಲ ಗೊತ್ತಿತ್ತು. "ಭಾನುವಾರ ಬಾಯಿ ಬಿಟ್ಟ" ಎಂದೆ. ಅವಳು ನನ್ನನ್ನು ತಬ್ಬಿಕೊಂಡಳು. ಸೋಮವಾರ ಅವನು ಮತ್ತೆ ಆಸ್ಪತ್ರೆಗೆ ಹೋಗುತ್ತಾನೆ, ನಾನು ಮತ್ತೆ ಅಲ್ಲಿಗೆ ಹೋಗುತ್ತೇನೆ. ಅವನಿಗೆ ಹೇಳಬೇಡ.