ಎರಡು ಚುಕ್ಕೆ, ಹಿಂದಕ್ಕೆ

ಮಾರ್ಚ್ 4, ಬೆಳಿಗ್ಗೆ 7

ಸ್ವಸ್ತಿಶ್ರೀ! ಪಂಚರೇಖಾಧೀಶ್ವರ, ಚತುರಂತರ ಮಂಡಲಾಧಿಪತಿ, ಎಂಬತ್ತೆಂಟು ಪಿಯಾನೊ ಮನೆಗಳ ಏಕಚ್ಛತ್ರ ಚಕ್ರವರ್ತಿಯಾದ ನಾನು ಈ ಹರಕು ನೋಟ್‌ಬುಕ್ಕಿಗೆ ಅಪ್ಪಣೆ ಕೊಡಿಸುವುದೇನೆಂದರೆ — ಪಿಯಾನೊ ಪುಸ್ತಕ ಓದುವುದರಲ್ಲಿ ಇಂದಿಗೆ ಮೂರನೇ ಪಾಠ. ಐದು ಗೆರೆ, ನಡುವೆ ನಾಲ್ಕು ಜಾಗ. ಮೇಲೆ ಕೂತ ಸ್ವರಗಳೆಂಬ ಮೊಟ್ಟೆಗಳು. ಹೊಟ್ಟೆ ತುಂಬಿದ್ದರೆ ಒಂದು ಎಣಿಕೆ, ಖಾಲಿಯಿದ್ದರೆ ಎರಡು. ಹಸಿದವನು ಹೆಚ್ಚು ಹೊತ್ತು ಕೂಗುತ್ತಾನೆ. ನ್ಯಾಯವೇ.

ಗುರು: ಅತ್ತಿಗೆ. ಇದೇ ಇಪ್ಪತ್ತೆರಡನೇ ತಾರೀಖು ಶಾಲೆಯೊಂದರಲ್ಲಿ ಪಿಯಾನೊ ಟೀಚರ್ ಕೆಲಸಕ್ಕೆ ಅವರ ಇಂಟರ್‌ವ್ಯೂ. ಅಲ್ಲೇ ಕೊಡುವ, ಕಂಡಿರದ ಪುಸ್ತಕ ನೋಡಿ ನುಡಿಸಬೇಕು. ಕೈ ಎರಡೂ ಬಿಡುವಿಲ್ಲ, ಹಾಳೆ ತಿರುಗಿಸಲು ಒಬ್ಬರನ್ನು ಕರೆತರಬಹುದು. ಅಣ್ಣ ಕೆಲಸದ ಮೇಲೆ ಪರವೂರಿಗೆ. ಉಳಿದವನು ಕಪಿ. ಅಂದರೆ ನಾನು.

ಮಾರ್ಚ್ 9

ಅಭ್ಯಾಸದಲ್ಲಿ ಬೇಕೆಂದೇ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಪೆನ್ಸಿಲಿನಿಂದ ತಲೆಗೊಂದು ಬಿತ್ತು. ಅತ್ತಿಗೆ ನಕ್ಕೂ ನಕ್ಕೂ ಸುಸ್ತಾದರು.

"ಕಪೀ, ಎರಡು ಕಡೆ ಇಲ್ಲ ಅಂದಿದಾರೆ. ಇದೊಂದು ಸಿಕ್ಕಿಬಿಟ್ರೆ ಮನೆಮನೆ ಅಲೆದು ಪಾಠ ಹೇಳೋದು ತಪ್ಪುತ್ತೆ ಕಣೋ."

"ಚಕ್ರವರ್ತಿಗಳ ಅಭಯಹಸ್ತ ಇದೆ, ಅತ್ತಿಗೆ."

"ಹಸ್ತ ಇದ್ರೆ ಸಾಲದು, ಕಣ್ಣೂ ಇರಲಿ."

ಮಾರ್ಚ್ 22, ಮಧ್ಯಾಹ್ನ 3

ಹೋಯಿತು. ಕೆಲಸ ಇನ್ಯಾರಿಗೋ.

ಮೂವರು ಪರೀಕ್ಷಕರು. ಅತ್ತಿಗೆ ಚೆನ್ನಾಗೇ ನುಡಿಸುತ್ತಿದ್ದರು. ಮೂರನೇ ಪುಟದ ಕೊನೆಗೆ ದಪ್ಪ ಗೆರೆ, ಅದರ ಪಕ್ಕ ಎರಡು ಚುಕ್ಕೆ. ಅಂದರೆ ಮತ್ತೆ ಮೊದಲಿನಿಂದ, ಹಾಳೆ ಹಿಂದಕ್ಕೆ. ನಾನು ಮುಂದಕ್ಕೆ ತಿರುಗಿಸಿದೆ. ಅತ್ತಿಗೆಯ ಕೈ ಗಾಳಿಯಲ್ಲೇ ನಿಂತಿತು. "ಹಿಂದೆ... ಹಿಂದೆ..." ಗಡಿಬಿಡಿಯಲ್ಲಿ ಪುಸ್ತಕವೇ ಕೆಳಗೆ ಬಿತ್ತು.

"ಸಾಕಮ್ಮ" ಅಂದರು ನಡುವೆ ಕೂತವರು.

ಬಸ್ಸಿನಲ್ಲಿ ಇಂಗು ತಿಂದ ಮಂಗನಂತೆ ಕೂತಿದ್ದೆ. ಅತ್ತಿಗೆಯೇ ಮಾತಾಡಿದರು. "ನಿನ್ ತಪ್ಪಲ್ಲ ಬಿಡೋ. ಮೂರು ವಾರಕ್ಕೆ ಯಾರಿಗೆ ತಾನೇ ಎಲ್ಲಾ ಬರುತ್ತೆ? ಆ ಚುಕ್ಕೆ ನಾನೇ ಇನ್ನೊಂದ್ಸಲ ಹೇಳ್ಕೊಡಬೇಕಿತ್ತು."

ಮಾರ್ಚ್ 23

ಅತ್ತಿಗೆ ಅಣ್ಣನಿಗೆ ಫೋನಿನಲ್ಲಿ: "ನಾನೇ ಎಡವಿದೆ ರೀ. ಅವನೇನ್ ಮಾಡ್ತಾನೆ, ಪಾಪ."

ಪಾಪವಂತೆ. ಚಕ್ರವರ್ತಿ ಬಾಗಿಲ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಒಳಗೆ ಹೋಗಲೂ ಆಗಲಿಲ್ಲ.

ಏಪ್ರಿಲ್ 2

ಹತ್ತು ದಿನ ಬರೆಯಲಿಲ್ಲ. ಬರೆದಿದ್ದರೆ ನಿಜವನ್ನೇ ಬರೆಯಬೇಕಾಗುತ್ತಿತ್ತು.

ಅತ್ತಿಗೆ ಮತ್ತೆ ಮನೆಮನೆ ಪಾಠಕ್ಕೆ ಹೋಗುತ್ತಿದ್ದಾರೆ. ಇವತ್ತು ಸಂಜೆ ಬಂದವರು ಬ್ಯಾಗು ಕೆಳಗಿಡದೆ ನನ್ನನ್ನು ಕರೆದರು. ಕೆಂಪು ಪೆನ್ಸಿಲಿನಲ್ಲಿ ಹತ್ತು ಸಲ ಬರೆದು ತೋರಿಸಿದರು — ದಪ್ಪ ಗೆರೆ, ಎರಡು ಚುಕ್ಕೆ.

"ಈಗ ತಿಳೀತಾ, ರಾಜಾ?"

"ತಿಳೀತು."

ಆವತ್ತೇ ತಿಳಿದಿತ್ತು. ಹಿಂದಕ್ಕೆ ಅಂತ ಗೊತ್ತಿದ್ದೇ ಮುಂದಕ್ಕೆ ತಿರುಗಿಸಿದೆ. ಅತ್ತಿಗೆ ನಡುಗುತ್ತಿದ್ದರು, ಒಮ್ಮೆ ನಕ್ಕರೆ ಕೈ ಸಡಿಲವಾದೀತು ಅಂತ...

ಅದೂ ಸುಳ್ಳು. ಆ ಮೂವರು ಒಂದು ಸಲ ನನ್ನ ಕಡೆ ನೋಡಿ ನಗಲಿ ಅಂತ —